ಇಪ್ಪತ್ತೊಂಬತ್ತು ಇಂಚಿನ ಮನೆಯ ಅಳಿಯ

ನಾನು ಈ ಊರಿಗೆ ಮನೆ ಅಳಿಯನಾಗಿ ಬಂದು ಹನ್ನೊಂದು ವರ್ಷ ಕಳೆದಿದ್ದರೂ ನಮ್ಮ ಅತ್ತೆ ರಖಮಾಬಾಯಿ ನನ್ನ ಮುಖ ನೋಡಿರಲಿಲ್ಲ. ಜಗಳ ಏನೂ ಇರಲಿಲ್ಲ. ಮನೆಯಲ್ಲಿದ್ದ ಟಿವಿ ಇಪ್ಪತ್ತೊಂಬತ್ತು ಇಂಚಿನದು, ಹಳೆಯ ಕಾಲದ ಚೌಕ ಡಬ್ಬಿ. ಅದರ ಅಗಲದಲ್ಲಿ ನಾನು ಹಿಡಿಸುತ್ತಿರಲಿಲ್ಲ, ಅಷ್ಟೆ.

ಪರವೂರಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಬಂದ ಹೊಸದರಲ್ಲಿ ನಾನೂ ನಕ್ಕವನೇ. ಈ ಊರಿನಲ್ಲಿ ಯಾವ ಮನೆಯಲ್ಲಿ ಎಂಥ ಟಿವಿಯೋ ಆ ಮನೆಯವರ ಕಣ್ಣೂ ಅಂಥದೇ. ಪರದೆ ಎಷ್ಟು ಅಗಲವೋ ಲೋಕ ಅಷ್ಟೇ ಅಗಲ, ಪರದೆ ಎಷ್ಟು ಸ್ವಚ್ಛವೋ ಲೋಕ ಅಷ್ಟೇ ಸ್ವಚ್ಛ. ಇದು ಯಾಕೆ ಹೀಗೆ ಎಂದು ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಚೆಯ ಬಾಳಪ್ಪನ ಮನೆಯಲ್ಲಿ ಇನ್ನೂ ಕಪ್ಪು ಬಿಳುಪಿನ ಹದಿನಾಲ್ಕು ಇಂಚು ಓಡುತ್ತಿದೆ. ಆತ ಮಾವಿನಹಣ್ಣನ್ನು ಮೂಸಿ ನೋಡಿಯೇ ತರುತ್ತಾನೆ, ಒಮ್ಮೆಯೂ ಮೋಸ ಹೋಗಿಲ್ಲ. ಪತ್ತಾರರ ಮನೆಗೆ ಹೊಸ ದೊಡ್ಡ ಟಿವಿ ಬಂದ ದಿನ ಮನೆಮಂದಿಯೆಲ್ಲ ಮೊದಲು ಮಾಡಿದ ಕೆಲಸವೆಂದರೆ ಮೂಲೆ ಮೂಲೆ ಗುಡಿಸಿದ್ದು. ಗುಡಿಯ ಗುರವನ ಮನೆಯಲ್ಲಿ ಟಿವಿಯೇ ಇಲ್ಲ, ಹಾಗಾಗಿ ಅವನಿಗೆ ಎಲ್ಲ ಕಾಣುತ್ತದೆ. ಯಾರ ಮೂಗುತಿ ಕಳೆದರೂ ಅವನನ್ನೇ ಕರೆಯುತ್ತಾರೆ, ಹುಡುಕಿಕೊಟ್ಟರೆ ಒಂದು ತೆಂಗಿನಕಾಯಿ. ಹೆಣ್ಣು ನೋಡಲು ಹೋದವರು ಮೊದಲು ಮನೆತನ ಕೇಳುತ್ತಾರೆ, ಆಮೇಲೆ ನಿಮ್ಮದು ಎಷ್ಟು ಇಂಚು ಎಂದು ಕೇಳುತ್ತಾರೆ. ಅಗಲ ಪರದೆಯ ಮನೆಯ ಹುಡುಗಿ ಚೌಕ ಪರದೆಯ ಮನೆಗೆ ಬಂದರೆ ಮೊದಲ ತಿಂಗಳು ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾಳೆ, ಎರಡನೇ ತಿಂಗಳಿಗೆ ಹೊಂದಿಕೊಳ್ಳುತ್ತಾಳೆ.

ನಾನು ದರ್ಜಿ. ಹೆಸರು ಪುಂಡಲೀಕ. ನನ್ನ ಕಸುಬಿಗೆ ಈ ಊರು ಕಲಿಸಿದ್ದು ಒಂದೇ ಪಾಠ: ಕಣ್ಣನ್ನು ನಂಬಬೇಡ, ಟೇಪನ್ನು ನಂಬು. ಟೇಪು ಯಾವ ಮನೆಗೆ ಹೋದರೂ ಟೇಪೇ.

ಈಗ ಅತ್ತೆಯ ವಿಷಯ. ನಮ್ಮ ಸಿಂಪಿಗರಲ್ಲಿ ಅಳಿಯನಾದವನು ಅತ್ತೆಯ ಎದುರಿಗೆ ನಿಲ್ಲುವುದಿಲ್ಲ. ಒಂದು ಮಾರು ಪಕ್ಕಕ್ಕೆ ಸರಿದು ನಿಲ್ಲಬೇಕು. ಅತ್ತೆಯಾದವಳು ಅಳಿಯನ ಕಡೆ ಕತ್ತು ಹೊರಳಿಸಬಾರದು. ಏನೇ ಮಾತಿದ್ದರೂ ನಡುವೆ ಮಗಳು ಇರಬೇಕು. ಈ ಪದ್ಧತಿ ನಮ್ಮ ಹುಟ್ಟೂರಿನಲ್ಲೂ ಇತ್ತು. ಆದರೆ ಅಲ್ಲಿ ಅತ್ತೆಯರು ಓರೆಗಣ್ಣಿನಲ್ಲಿ ಅಳಿಯನನ್ನು ನೋಡಿಕೊಳ್ಳುತ್ತಿದ್ದರು. ಎಷ್ಟು ಚೆನ್ನಾಗಿ ನೋಡುತ್ತಿದ್ದರೆಂದರೆ ಅವನ ಧೋತರಕ್ಕೆ ಹತ್ತಿದ ಸುಣ್ಣದ ಕಲೆಯನ್ನೂ ಹೇಳುತ್ತಿದ್ದರು. ಈ ಊರಿನ ಚೌಕ ಪರದೆಯ ಮನೆಗಳಲ್ಲಿ ಓರೆ ಎನ್ನುವುದೇ ಇಲ್ಲ. ನಡುವೆ ಇದ್ದದ್ದು ಇದೆ, ಪಕ್ಕದಲ್ಲಿದ್ದದ್ದು ಇಲ್ಲ. ಮದುವೆಯಲ್ಲಿ ಅತ್ತೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿದ್ದರು. ಆಮೇಲೆ ನಾನು ಪದ್ಧತಿಯ ಪ್ರಕಾರ ಪಕ್ಕಕ್ಕೆ ಸರಿದವನು ಸರಿದೇ ಉಳಿದೆ.

ಅತ್ತೆ ಕೆಟ್ಟವರು ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ನಡುಮನೆಯ ಮಧ್ಯೆ ಮಾವನ ಕಾಲದ ಒಂದು ಸಾಗುವಾನಿ ಕುರ್ಚಿ ಇದೆ, ನಾಲ್ಕು ಮಂದಿ ಎತ್ತುವಂಥದು. ಅದರಲ್ಲಿ ಟಿವಿಗೆ ಮುಖ ಮಾಡಿ ಕೂತು ಅವರು ಮನೆ ನಡೆಸುತ್ತಿದ್ದರು. ಎಡಗಡೆ ಗೋಡೆಗೆ ಹೊಂದಿ ನನ್ನ ಹೊಲಿಗೆ ಯಂತ್ರ, ನನ್ನ ಸ್ಟೂಲು. ಅವರಿಗೆ ಚಹಾ ಕೊಡು, ಅವರಿಗೆ ಬಿಸಿ ರೊಟ್ಟಿ ಹಾಕು, ಅವರ ದೀಪ ಉರಿಯುತ್ತಿದೆಯೇ ನೋಡು ಎಂದು ಮಗಳಿಗೆ ಹೇಳುತ್ತಲೇ ಇರುತ್ತಿದ್ದರು. ಒಂದು ದಿನವೂ ನನ್ನ ಊಟ ತಡವಾಗಿಲ್ಲ. ಆದರೂ ಮನುಷ್ಯನಿಗೆ ಒಂದು ಮುಖ ಇರುತ್ತದಲ್ಲ. ಎರಡು ವರ್ಷದ ಹಿಂದೆ ದೂರದ ನೆಂಟರೊಬ್ಬರು ಬಂದಾಗ, ನಿಮ್ಮ ಅಳಿಯ ನೋಡಲು ಹೇಗಿದ್ದಾನೆ ಎಂದು ಅತ್ತೆಯನ್ನು ಕೇಳಿದರು. ಅತ್ತೆ ಸ್ವಲ್ಪ ಯೋಚನೆ ಮಾಡಿ, "ಹೊಲಿಗಿ ಛಲೋ ಐತಿ" ಎಂದರು. ನಾನು ಮೂರು ಮೊಳ ದೂರದಲ್ಲೇ ಕೂತಿದ್ದೆ. ನನಗೆ ನಿಜವಾಗಿಯೂ ಬೇಜಾರಾಯಿತು. ಆ ಹೊತ್ತು ಹೊಲಿಯುತ್ತಿದ್ದ ತೋಳು ಸೊಟ್ಟವಾಗಿ, ಬಿಚ್ಚಿ ಮತ್ತೆ ಹೊಲಿದೆ.

ಈ ಬೇಜಾರು ಎದೆಯಲ್ಲಿ ಇನ್ನೂ ಉಳಿದಿದ್ದಾಗಲೇ ಹುಟ್ಟೂರಿನಿಂದ ನನ್ನ ಅಣ್ಣ ಏಕನಾಥನ ಫೋನು ಬಂತು. ಅವನ ಅಂಗಡಿಗೆ ಮೂರು ಶಾಲೆಗಳ ಸಮವಸ್ತ್ರದ ಕೆಲಸ ಸಿಕ್ಕಿತ್ತು. ಒಬ್ಬನಿಂದ ಆಗುವುದಿಲ್ಲ, ಹೆಂಡತಿಯನ್ನು ಕರೆದುಕೊಂಡು ಬಂದುಬಿಡು, ಮೇಲಿನ ಕೋಣೆ ಖಾಲಿ ಮಾಡಿದ್ದೇನೆ, ಭಾನುವಾರದೊಳಗೆ ಹೂಂ ಅಥವಾ ಉಹೂಂ ಹೇಳು, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ. ನನ್ನ ಹೆಂಡತಿ ಪ್ರಯಾಗಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಅವ್ವನಿಗೆ ಏನೆಂದು ಹೇಳಲಿ ಎಂದು ಕೇಳಿದಳು. ಮನೆಯಿಂದ ಒಂದು ಹೊಲಿಗೆ ಯಂತ್ರ ಹೋಗುತ್ತದೆ ಎಂದು ಹೇಳು ಎಂದೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಅವಳಿಗೆ ಅವ್ವನನ್ನೂ ತಮ್ಮನನ್ನೂ ಬಿಟ್ಟು ಬರಲು ಮನಸ್ಸಿರಲಿಲ್ಲ, ನನ್ನೊಬ್ಬನನ್ನೇ ಕಳಿಸಲೂ ಮನಸ್ಸಿರಲಿಲ್ಲ. ಎರಡೂ ನನಗೆ ಗೊತ್ತಿತ್ತು, ಗೊತ್ತಿದ್ದೇ ಬಿರುಸಾಗಿ ಮಾತಾಡಿದ್ದೆ.

ಮಾರನೆಯ ದಿನವೇ ಟಿವಿ ಸತ್ತಿತು. ಒಳಗೆ ಏನೋ ಟಪ್ ಎಂದಿತು, ಹೊತ್ತಿದ ಬೇಳೆಯ ವಾಸನೆ ಬಂತು, ಮುಗಿಯಿತು. ಈ ಊರಿನಲ್ಲಿ ಟಿವಿ ಕೆಟ್ಟರೂ ಹೊಸದು ಬರುವವರೆಗೆ ಕಣ್ಣು ಹಳೆಯ ಅಳತೆಯಲ್ಲೇ ಇರುತ್ತದೆ, ಹಾಗಾಗಿ ಯಾರೂ ಗಾಬರಿಯಾಗಲಿಲ್ಲ. ನನಗೆ ಮಾತ್ರ ದೇವರೇ ದಾರಿ ತೋರಿಸಿದಂತಾಯಿತು. ಹೊಸ ಟಿವಿಗಳೆಲ್ಲ ಅಗಲ. ಅಗಲವಾದದ್ದು ಬಂದರೆ ಅತ್ತೆ ಕತ್ತು ಹೊರಳಿಸುವ ಪ್ರಮೇಯವೇ ಇಲ್ಲ, ನಾನು ಕೂತಲ್ಲೇ ಕಾಣುತ್ತೇನೆ. ಟಿವಿ ನಾನೇ ಕೊಡಿಸುತ್ತೇನೆ ಎಂದು ಪ್ರಯಾಗಳಿಗೆ ಹೇಳಿದೆ. ಅತ್ತೆ ನನ್ನ ಮುಖ ನೋಡಿ ನೇರವಾಗಿ ಒಂದು ಮಾತಾಡಿದರೂ ಸಾಕು, ಇಲ್ಲೇ ಇರೋಣ. ಭಾನುವಾರದೊಳಗೆ ಅದೂ ಆಗದಿದ್ದರೆ ಗಂಟು ಕಟ್ಟೋಣ ಎಂದೆ.

"ಟಿವಿ ಮ್ಯಾಲ ಸಂಸಾರ ಇಡತೀರೇನು?" ಎಂದಳು ಪ್ರಯಾಗ.

ಈ ಊರಲ್ಲಿ ಮತ್ತೆ ಯಾವುದರ ಮೇಲೆ ಇಡಬೇಕು ಎಂದು ಕೇಳಿ ಚಪ್ಪಲಿ ಮೆಟ್ಟಿಕೊಂಡೆ.

ಊರಿಗೆಲ್ಲ ಟಿವಿ ಮಾರುವವರು ಉಪಾಧ್ಯೆ ಮಾಸ್ತರರು. ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿ, ನಿವೃತ್ತಿಯಾದ ಮೇಲೆ ಅಂಗಡಿ ಇಟ್ಟರು. ಬರುವಾಗ ಶಾಲೆಯ ಹಳೆಯ ಕಪ್ಪು ಹಲಗೆಯನ್ನೂ ತಂದು ಗೋಡೆಗೆ ತೂಗುಹಾಕಿದ್ದಾರೆ. ಪಾಠ ಹೇಳದೆ ಯಾರಿಗೂ ಟಿವಿ ಕೊಡುವುದಿಲ್ಲ. ನಾನು ಹೋದಾಗ ಮೊದಲು ಕೇಳಿದ್ದೇ, "ಯಾರನ್ನ ನೋಡಬೇಕಾಗೈತಿ?" ಎಂದು. ನೋಡಬೇಕಾದದ್ದು ಧಾರಾವಾಹಿ ಎಂದೆ. ಮಾಸ್ತರರು ಕನ್ನಡಕದ ಮೇಲಿನಿಂದ ನನ್ನನ್ನು ಒಮ್ಮೆ ನೋಡಿದರು, ಒತ್ತಾಯ ಮಾಡಲಿಲ್ಲ.

ಗೋಡೆಯ ಮೇಲೆ ಮೂವತ್ತೆರಡು ಎಂದು ಬರೆದ ಟಿವಿ ಇತ್ತು. ಕೊರಳಲ್ಲಿದ್ದ ಟೇಪು ತೆಗೆದು ಅಡ್ಡಡ್ಡ ಹಿಡಿದೆ. ಇಪ್ಪತ್ತೆಂಟಕ್ಕೆ ಒಂದು ನೂಲು ಕಡಿಮೆ ಬಂತು. ಬಟ್ಟೆ ವ್ಯಾಪಾರಿಗಳು ಇಂಥ ಆಟ ಆಡುವುದನ್ನು ನಾನು ಬಹಳ ನೋಡಿದ್ದೇನೆ. ಮಿಕ್ಕ ನಾಲ್ಕು ಇಂಚು ಎಲ್ಲಿ ಹೋಯಿತು ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ಮಾಸ್ತರರು ಬೇಸರ ಮಾಡಿಕೊಳ್ಳದೆ ನನ್ನ ಟೇಪಿನ ಒಂದು ತುದಿಯನ್ನು ಪರದೆಯ ಕೆಳಗಿನ ಎಡಮೂಲೆಗೆ ಹಿಡಿದು, ಇನ್ನೊಂದು ತುದಿಯನ್ನು ಮೇಲಿನ ಬಲಮೂಲೆಗೆ ಎಳೆದರು. ಸರಿಯಾಗಿ ಮೂವತ್ತೆರಡು. ಟಿವಿಯನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರಂತೆ. ರವಿಕೆಗೆ ಹೀಗೆ ಅಳತೆ ಹಾಕಿದರೆ ನನ್ನನ್ನು ಊರು ಬಿಡಿಸುತ್ತಾರೆ ಎಂದೆ. ಅವರು ನಕ್ಕು ಹಲಗೆಯ ಮೇಲೆ ಎರಡು ಪೆಟ್ಟಿಗೆ ಬರೆದರು.

ಮೊದಲನೆಯದು ನಮ್ಮ ಹಳೆಯ ಟಿವಿ. ಅಡ್ಡ ನಾಲ್ಕು ಪಾಲು, ಮೇಲಿಂದ ಕೆಳಗಿನ ಉದ್ದ ಮೂರು ಪಾಲು. ಎರಡನೆಯದು ಹೊಸ ಕಾಲದ್ದು. ಅಡ್ಡ ಹದಿನಾರು, ಉದ್ದ ಒಂಬತ್ತು. ಇಂಚು ಎಷ್ಟೇ ಇರಲಿ, ಈ ಪ್ರಮಾಣ ಬದಲಾಗುವುದಿಲ್ಲ; ಆದ್ದರಿಂದ ಬರೀ ಇಂಚು ಕೇಳಿಕೊಂಡು ಟಿವಿ ಒಯ್ಯುವವನು ಕೂಸಿನ ತೂಕ ಕೇಳಿ ಅಂಗಿ ಹೊಲಿದಂತೆ ಎಂದರು ಮಾಸ್ತರರು. ಈ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಇಪ್ಪತ್ತೊಂಬತ್ತರ ಅಗಲ ಎಷ್ಟು ಬರುತ್ತದೆ ಎಂದೆ. ಇಪ್ಪತ್ಮೂರು ಚಿಲ್ಲರೆ ಎಂದರು. ಹೊಸದರ ಅಗಲ ಇಪ್ಪತ್ತೆಂಟು. ಹತ್ತಿರ ಹತ್ತಿರ ಐದು ಇಂಚು ಗಿಟ್ಟಿತು. ನನ್ನ ಸ್ಟೂಲು ಕಾಣಲು ಪರದೆಯಲ್ಲಿ ಎಡಕ್ಕೆ ಎರಡು ಇಂಚು ಸಿಕ್ಕರೆ ಸಾಕು ಎಂದು ಎಂದೋ ಲೆಕ್ಕ ಹಾಕಿ ಇಟ್ಟುಕೊಂಡಿದ್ದೆ. ಮಾಸ್ತರರು ಉದ್ದದ ಬಗ್ಗೆ ಏನೋ ಹೇಳಲು ಶುರುಮಾಡಿದರು, ನಾನು ಆಗಲೇ ಟೇಪು ಸುತ್ತುತ್ತಿದ್ದೆ.

ಚಿತ್ರದ ನಯದ ಪಾಠವೊಂದು ಉಳಿದಿತ್ತು. ಹಳೆಯ ಟಿವಿ ಚಿತ್ರವನ್ನು ಮೇಲಿಂದ ಕೆಳಗೆ ಐನೂರ ಎಪ್ಪತ್ತಾರು ಗೆರೆಗಳಲ್ಲಿ ತೋರಿಸುತ್ತಿತ್ತು. ಎಚ್‌ಡಿ ರೆಡಿ ಎನ್ನುವುದಕ್ಕೆ ಏಳುನೂರ ಅರವತ್ತೆಂಟು, ಫುಲ್ ಎಚ್‌ಡಿಗೆ ಸಾವಿರದ ಎಂಬತ್ತು. ಇದು ನನಗೆ ಹೇಳದೆಯೇ ತಿಳಿಯಿತು. ಇಂಚಿಗೆ ಆರು ಹೊಲಿಗೆ ಹಾಕಿದರೆ ಗೋಣಿಚೀಲ, ಹದಿನಾಲ್ಕು ಹಾಕಿದರೆ ರವಿಕೆ. ಹಾಗೆಂದಾಗ ಮಾಸ್ತರರು ಸಂತೋಷಪಟ್ಟು ಚಹಾ ತರಿಸಿದರು. ಎಷ್ಟು ದೂರ ಕೂರುತ್ತೀರಿ ಎಂದು ಕೇಳಿದರು. ಎಂಟು ಫೂಟು ಎಂದೆ. ಹಾಗಿದ್ದರೆ ಮೂವತ್ತೆರಡರಲ್ಲಿ ಫುಲ್ ಎಚ್‌ಡಿ ಒಯ್ದು ಏನೂ ಉಪಯೋಗವಿಲ್ಲ, ರಸ್ತೆಯ ಆಚೆ ನಿಂತವನಿಗೆ ನಿಮ್ಮ ಸಣ್ಣ ಹೊಲಿಗೆ ಕಾಣುತ್ತದೆಯೇ, ಎಚ್‌ಡಿ ರೆಡಿಯೇ ಸಾಕು ಎಂದು ತಿಳಿಸಿ ಹೇಳಿದರು. ನಾನು ಕೇಳಲಿಲ್ಲ. ಹನ್ನೊಂದು ವರ್ಷದ ಮೇಲೆ ಒಬ್ಬರು ನನ್ನ ಮುಖ ನೋಡುವವರಿದ್ದಾರೆ, ಅದು ಮಸುಕಾಗಿ ಬರುವುದು ನನಗೆ ಬೇಡವಾಗಿತ್ತು. ಫುಲ್ ಎಚ್‌ಡಿಯೇ ಹೊತ್ತು ತಂದೆ.

ಗುರುವಾರ ಸಂಜೆ ಪ್ರಯಾಗಳ ತಮ್ಮ ನಾಮದೇವ ನೆಲದ ಮೇಲೆ ಮೊಣಕಾಲೂರಿ ತಂತಿ ಜೋಡಿಸಿದ. ಅವನು ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಾನೆ. ಆರಡಿ ಎರಡಿಂಚು ಎತ್ತರ, ಅತ್ತೆಗೆ ಅವನೆಂದರೆ ಜೀವ. ನಾನು ಹೊಸ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಸ್ಟೂಲಿನ ಮೇಲೆ ನೆಟ್ಟಗೆ ಕೂತೆ. ಪ್ರಯಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಅಂಗಿಯ ಕಾಲರು ಸರಿಮಾಡಿಕೊಳ್ಳಲು ಸನ್ನೆ ಮಾಡಿದಳು. ಮದುವೆಯ ದಿನವೂ ನಾನು ಅಷ್ಟು ನೆಟ್ಟಗೆ ಕೂತಿರಲಿಲ್ಲ.

ಟಿವಿ ಹತ್ತಿತು. ಅತ್ತೆಯ ಮೆಚ್ಚಿನ ಹಳೆಯ ಧಾರಾವಾಹಿ ಮರುಪ್ರಸಾರವಾಗುತ್ತಿತ್ತು. ಅದನ್ನು ತೆಗೆದದ್ದು ಚೌಕ ಟಿವಿಗಳ ಕಾಲದಲ್ಲಿ. ನಾಲ್ಕಕ್ಕೆ ಮೂರರ ಚಿತ್ರ ಹದಿನಾರಕ್ಕೆ ಒಂಬತ್ತರ ಪರದೆಗೆ ಬಂದು ನಡುವೆ ಕೂತಿತು, ಎಡಕ್ಕೂ ಬಲಕ್ಕೂ ಎರಡು ಕಪ್ಪು ಪಟ್ಟಿ ಉಳಿಯಿತು. ಆ ಗಳಿಗೆಯಿಂದ ಮನೆಯವರೆಲ್ಲರ ಕಣ್ಣಿಗೂ ಎರಡು ಕಡೆ ಕಪ್ಪು ಪಟ್ಟಿ. ಎಡಗಡೆಯ ಪಟ್ಟಿಯ ನಟ್ಟನಡುವೆ ನಾನು. ಹನ್ನೊಂದು ವರ್ಷ ಪರದೆಯ ಹೊರಗಿದ್ದವನು ಕೊನೆಗೂ ಒಳಗೆ ಬಂದೆ, ಬಂದು ಕತ್ತಲಲ್ಲಿ ಕೂತೆ.

ಪ್ರಯಾಗ ಸುಮ್ಮನಿರಲಿಲ್ಲ. ರಿಮೋಟು ತೆಗೆದುಕೊಂಡು ಕಂಡ ಕಂಡ ಗುಂಡಿ ಒತ್ತಿದಳು. ಒಂದು ಗುಂಡಿಗೆ ಚಿತ್ರ ಎರಡೂ ಕಡೆ ಎಳೆದುಕೊಂಡು ಪರದೆ ತುಂಬಿತು, ಕಪ್ಪು ಪಟ್ಟಿ ಮಾಯವಾಯಿತು. ಆದರೆ ಅಗಲ ಹಿಗ್ಗಿತೇ ಹೊರತು ಉದ್ದ ಹಿಗ್ಗಲಿಲ್ಲ. ಪರದೆಯ ಮೇಲಿನ ತೆಳ್ಳಗಿನ ನಾಯಕಿ ಬಾಣಂತಿಯಂತೆ ಆದಳು. ತಟ್ಟೆಯಲ್ಲಿದ್ದ ದುಂಡು ರೊಟ್ಟಿ ಕೋಳಿಮೊಟ್ಟೆಯಾಯಿತು. ಅತ್ತೆಗೆ ಜೀವಮಾನದಲ್ಲಿ ಮೊದಲ ಸಲ ಎಡಗಡೆಯ ಅಂಚಿನಲ್ಲಿ ಏನೋ ಕಂಡಿತು. ಕಂಡದ್ದು ಹೊಸ ಅಂಗಿ ತೊಟ್ಟ ಒಬ್ಬ ಪೈಲವಾನನ ಭುಜ. ನಾನು ಹಿಡಿಕಡ್ಡಿಯಂಥವನು ಎಂದು ಅವರಿಗೆ ಮಗಳು ಹೇಳಿ ಗೊತ್ತಿತ್ತು. ಅತ್ತೆ ಸೆರಗನ್ನು ಗದ್ದದವರೆಗೆ ಎಳೆದುಕೊಂಡು, ಮನೆಯೊಳಗೆ ಯಾರೋ ಹೊಕ್ಕಿದ್ದಾರೆ ಎಂದು ಮಗನನ್ನು ಕೂಗಿದರು.

ಟಿವಿಯ ಹಿಂದೆ ಕುಕ್ಕರಗಾಲಲ್ಲಿದ್ದ ನಾಮದೇವ ಎದ್ದು ನಿಂತ. ಅಂಗಿಯ ಕಾಲರಿನವರೆಗೆ ಎಲ್ಲ ಇತ್ತು, ಅದರ ಮೇಲೆ ಏನೂ ಇರಲಿಲ್ಲ. ತಲೆಯಿಲ್ಲದ ಮೈ ಎರಡು ಹೆಜ್ಜೆ ಮುಂದೆ ಬಂದು, "ಏನಾತವ್ವ?" ಎಂದು ಕೇಳಿತು. ಅತ್ತೆ ಎರಡನೇ ಸಲ ಕೂಗಿದ್ದು ಪತ್ತಾರರ ಮನೆಯವರೆಗೂ ಕೇಳಿಸಿತಂತೆ. ನನಗೂ ಕಂಡದ್ದು ಕಾಲರೇ. ಆ ಗಾಬರಿಯಲ್ಲೂ, ಆ ಕಾಲರು ನಾನು ಹೊಲಿದದ್ದು, ಚೆನ್ನಾಗಿ ಕೂತಿದೆ ಎಂದುಕೊಂಡೆ.

ತಪ್ಪು ಎಲ್ಲಿ ಆಯಿತೆಂದು ಆಗ ಹೊಳೆಯಿತು. ಹಳೆಯ ಇಪ್ಪತ್ತೊಂಬತ್ತರ ಉದ್ದ ಹದಿನೇಳೂವರೆ ಇಂಚಿಗೆ ಸ್ವಲ್ಪ ಕಡಿಮೆ. ಹೊಸ ಮೂವತ್ತೆರಡರದ್ದು ಹದಿನಾರೂ ಇಲ್ಲ. ಹೆಸರಿನಲ್ಲಿ ಮೂರು ಇಂಚು ದೊಡ್ಡದು, ಎತ್ತರದಲ್ಲಿ ಒಂದೂವರೆ ಇಂಚು ಗಿಡ್ಡ. ಆ ಒಂದೂವರೆ ಇಂಚಿನಲ್ಲಿ ನಾಮದೇವನ ತಲೆ ಇತ್ತು. ಎದೆಯ ಅಳತೆ ತೆಗೆದು ಉದ್ದ ಮರೆಯುವುದು ಯಂತ್ರ ತುಳಿಯಲು ಕಲಿಯುವವರು ಮಾಡುವ ತಪ್ಪು. ನಾನು ಇಪ್ಪತ್ತೈದು ವರ್ಷ ಕತ್ತರಿ ಹಿಡಿದವನು. ನನಗೆ ಬೇಕಾಗಿದ್ದ ಕಡೆ ಮಾತ್ರ ಟೇಪು ಹಿಡಿದಿದ್ದೆ.

ಪ್ರಯಾಗ ಚಿತ್ರವನ್ನು ಮೊದಲಿನ ಹಾಗೆ ಚೌಕ ಮಾಡಿದಳು, ನಾನು ಕಪ್ಪು ಪಟ್ಟಿಗೆ ಮರಳಿದೆ. ನಾಮದೇವನ ತಲೆ ಮಾತ್ರ ಮರಳಲಿಲ್ಲ. ಅವನು ಒಳ್ಳೆಯ ಹುಡುಗ, ಶುಕ್ರವಾರವಿಡೀ ಬಗ್ಗಿಯೇ ಓಡಾಡಿದ, ಸಂಜೆಗೆ ಸೊಂಟ ಹಿಡಿದುಕೊಂಡಿತು. ಗಿರಣಿಯಿಂದ ಬಂದು ಬಾಗಿಲು ದಾಟುವಾಗ ಮರೆತು ನೆಟ್ಟಗಾಗಿಬಿಡುತ್ತಿದ್ದ. ಅತ್ತೆ ಕಣ್ಣೀರು ಹಾಕುತ್ತಿದ್ದರು. ಶನಿವಾರ ಬೆಳಿಗ್ಗೆ ಊಟವನ್ನೂ ಬಿಟ್ಟರು. ಈ ಟಿವಿ ಬೇಡ, ಅವರಿಗೆ ಹೇಳು, ಹಳೆಯದರಂಥದೇ ಎಲ್ಲಾದರೂ ಇದ್ದರೆ ತರಲಿ ಎಂದು ಮಗಳ ಮೂಲಕ ನನಗೆ ಹೇಳಿದರು. ಆಗಲಿ ಎಂದೆ. ಹೆತ್ತ ಮಗನ ತಲೆಗೂ ಅಳಿಯನ ಮುಖಕ್ಕೂ ಪಂದ್ಯ ಇಡಲು ನಾನು ಅಷ್ಟು ಕಟುಕನಲ್ಲ.

ಮಾಸ್ತರರ ಹತ್ತಿರ ಹೋದೆ. ಅವತ್ತು ಉದ್ದದ ಮಾತು ಪೂರ್ತಿ ಕೇಳದೆ ಹೋದಿರಿ ಎಂದು ಅವರು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ನಲವತ್ತಮೂರು ಇಂಚಿನದು ಒಯ್ದರೆ ಎತ್ತರ ಇಪ್ಪತ್ತೊಂದು ಬರುತ್ತದೆ, ಅಗಲ ಮೂವತ್ತೇಳೂವರೆ, ಎಲ್ಲರೂ ಕಾಣುತ್ತಾರೆ ಎಂದರು. ನಮ್ಮ ನಡುಮನೆಯಲ್ಲಿ ಕಂಬಕ್ಕೂ ಗೋಡೆಗೂ ನಡುವೆ ಇರುವುದು ಮೂವತ್ತು ಇಂಚು. ಕಂಬ ತೆಗೆದರೆ ಮಾಳಿಗೆ ಕೆಳಗೆ ಬರುತ್ತದೆ. ಕೊನೆಗೆ ಒಳಕೋಣೆಯಲ್ಲಿ ರಿಪೇರಿ ಮಾಡಿ ಇಟ್ಟ ಒಂದು ಚೌಕ ಇಪ್ಪತ್ತೊಂಬತ್ತು ಇದೆ, ಭಾನುವಾರ ಹೊಸದನ್ನು ತಂದು ಅದನ್ನು ಒಯ್ಯಿರಿ ಎಂದರು. ಬರುವಾಗ ದಾರಿಯಲ್ಲಿ ನಿಂತು ಅಣ್ಣನಿಗೆ ಫೋನು ಮಾಡಲು ಹೊರಟು, ನಾಳೆ ಮಾಡೋಣ ಎಂದು ಸುಮ್ಮನಾದೆ.

ಭಾನುವಾರ ಬೆಳಿಗ್ಗೆ ಟಿವಿಯನ್ನು ಬಿಚ್ಚಿ ಅದರ ಡಬ್ಬಿಗೆ ಇಳಿಸಿದೆ. ಪಡಸಾಲೆಯಲ್ಲಿ ಪ್ರಯಾಗ ನಮ್ಮ ತಗಡಿನ ಟ್ರಂಕಿಗೆ ಬಟ್ಟೆ ತುಂಬಿ ಹಗ್ಗ ಬಿಗಿಯುತ್ತಿದ್ದಳು. ಹೋಗುವುದೆಂದು ನಾವಿಬ್ಬರೂ ಹಿಂದಿನ ದಿನವೇ ಮಾತಾಡಿ ಮುಗಿಸಿದ್ದೆವು. ಅತ್ತೆ ತಮ್ಮ ಕುರ್ಚಿಯಲ್ಲಿ ಖಾಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ನಾಮದೇವ ಹೊಸ್ತಿಲ ಮೇಲೆ ಕೂತಿದ್ದ, ಕೂತದ್ದರಿಂದ ಅವನ ತಲೆ ಇತ್ತು. ಟ್ರಂಕಿನ ಸದ್ದು ಕೇಳಿ ಅತ್ತೆ, ಅದೇನು ಕಟ್ಟುತ್ತಿದ್ದೀ ಎಂದು ಮಗಳನ್ನು ಕೇಳಿದರು. ಪ್ರಯಾಗ ಬಂದು ಅವರ ಎದುರಿಗೆ ನಿಂತಳು. ಅವಳು ದನಿ ಎತ್ತುವವಳಲ್ಲ, ಆವತ್ತೂ ಎತ್ತಲಿಲ್ಲ.

"ಇವರು ಅಗಲ ಟಿವಿ ಯಾಕ ತಂದ್ರು ಗೊತ್ತೈತೇನವ್ವ? ನಿನಗ ಕಾಣಲಿ ಅಂತ ತಂದ್ರು" ಎಂದಳು. "ತಮ್ಮನ ತಲಿ ಮೂರ ದಿನ ಕಾಣಲಿಲ್ಲ ಅಂತ ಊಟ ಬಿಟ್ಟಿ. ಇವರ ಮಾರಿ ಹನ್ನೊಂದ ವರ್ಷ ಕಂಡಿಲ್ಲ. ಒಂದ ದಿನರ ಒಂದ ತುತ್ತು ಬಿಟ್ಟೀಯೇನು?"

ನಾನು ಡಬ್ಬಿಗೆ ಅಂಟು ಪಟ್ಟಿ ಹಚ್ಚುತ್ತಿದ್ದವನು ಹಾಗೆಯೇ ನಿಂತೆ. ಪ್ರಯಾಗ ಇನ್ನೂ ಏನೋ ಹೇಳಹೊರಟು ತಡೆದುಕೊಂಡಳು. ಅಣ್ಣನ ಊರಿಗೆ ಹೋಗುತ್ತೇವೆ, ಮಧ್ಯಾಹ್ನದ ಬಸ್ಸು ಎಂದಷ್ಟೇ ಹೇಳಿ ಟ್ರಂಕಿನ ಕಡೆ ಹೋದಳು. ನಾನು ಮೆಲ್ಲಗೆ ನನ್ನ ಸ್ಟೂಲಿಗೆ ಬಂದು ಕೂತೆ, ಯಂತ್ರದಿಂದ ಸೂಜಿ ಬಿಚ್ಚುವುದಿತ್ತು.

ಆಮೇಲೆ ಒಂದು ಕರ್ಕಶ ಸದ್ದು ಬಂತು. ಅತ್ತೆ ಎದ್ದು ನಿಂತು ಕುರ್ಚಿಯ ಕೈ ಹಿಡಿದು ಎಳೆಯುತ್ತಿದ್ದರು. ನಾಮದೇವ ಓಡಿಬಂದ, ಅವನನ್ನು ಕೈಸನ್ನೆಯಿಂದಲೇ ದೂರ ನಿಲ್ಲಿಸಿದರು. ಅರವತ್ತೆಂಟು ವರ್ಷದ ಹೆಂಗಸು, ನಾಲ್ಕು ಮಂದಿ ಎತ್ತುವ ಕುರ್ಚಿ. ಒಂದು ಕಾಲು ಇಷ್ಟು, ಇನ್ನೊಂದು ಕಾಲು ಇಷ್ಟು, ನೆಲದ ಗಾರೆ ಕಿತ್ತುಬರುವ ಹಾಗೆ ಅದನ್ನು ಎಡಕ್ಕೆ ತಿರುಗಿಸಿದರು. ತಿರುಗಿಸಿ, ನನ್ನ ಯಂತ್ರಕ್ಕೆ ತಾಗುವಷ್ಟು ಹತ್ತಿರ ದೂಡಿಕೊಂಡು ಬಂದರು. ಬಂದು ಕೂತು ಸೆರಗನ್ನು ತಲೆಯಿಂದ ಹಿಂದಕ್ಕೆ ಸರಿಸಿದರು. ನಾನು ಪದ್ಧತಿಯಂತೆ ಪಕ್ಕಕ್ಕೆ ಸರಿಯಲು ನೋಡಿದೆ.

"ಕೂಡ್ರಿ" ಎಂದರು ಅತ್ತೆ.

ನನಗೇ ಹೇಳಿದ್ದು. ನಡುವೆ ಪ್ರಯಾಗ ಇರಲಿಲ್ಲ. ನಾನು ಕೂತೆ.

ಅತ್ತೆ ನನ್ನನ್ನು ನೋಡಿದರು. ಅವರ ಮುಖವನ್ನು ನಾನು ಹನ್ನೊಂದು ವರ್ಷ ಪಕ್ಕದಿಂದ ನೋಡಿದ್ದೆ, ಎದುರಿನಿಂದ ಅಲ್ಲ. ಅವರಿಗೆ ಪ್ರಯಾಗಳದೇ ಹುಬ್ಬು. ಅವರ ಕಣ್ಣು ಹಣೆಯಿಂದ ಶುರುವಾಗಿ ನಿಧಾನವಾಗಿ ಇಳಿಯಿತು, ಮೂಗಿನ ಮೇಲೆ ನಿಂತಿತು, ಗದ್ದದ ಮೇಲೆ ನಿಂತಿತು. ಅಷ್ಟು ಹತ್ತಿರದಿಂದ, ಆ ಹೊಸ ಟಿವಿಯ ಕಣ್ಣಿನಿಂದ, ನನ್ನ ಮುಖದ ಒಂದು ರಂಧ್ರವೂ ಅವರಿಗೆ ತಪ್ಪಿರಲಾರದು. ನನಗೆ ನಾಚಿಕೆಯಾಯಿತು. ಅವರು ಕೈ ಚಾಚಿ ನನ್ನ ಕಿವಿಯ ಪಕ್ಕದ ಕೂದಲನ್ನು ಒಂದು ಬೆರಳಿನಿಂದ ಮುಟ್ಟಿದರು.

"ಇಲ್ಲಿ ಬಿಳಿ ಆಗ್ಯಾವಲ್ರಿ" ಎಂದರು. "ಬರೋವಾಗಲೇ ಇದ್ದುವೇನು, ನಮ್ಮ ಮನ್ಯಾಗ ಆದುವೇನು?"

ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ.

"ಇಲ್ಲೇ ಆದುವರಿ" ಎಂದೆ.

ಅತ್ತೆ ಬೆರಳು ತೆಗೆಯಲಿಲ್ಲ. ಕಣ್ಣಿಂದ ನೀರು ಇಳಿದು ಗದ್ದದ ಹತ್ತಿರ ನಿಂತಿತು, ಅದನ್ನು ಒರೆಸಿಕೊಳ್ಳಬೇಕೆಂದೂ ಅವರಿಗೆ ಹೊಳೆಯಲಿಲ್ಲ. ಪಡಸಾಲೆಯಲ್ಲಿ ಪ್ರಯಾಗ ಟ್ರಂಕಿನ ಹಗ್ಗ ಬಿಚ್ಚುವ ಸದ್ದು ಕೇಳಿತು. ಕಟ್ಟುವಾಗ ಕೋಪದಲ್ಲಿ ಗಂಟು ಬಿಗಿದಿದ್ದಳು, ಬಿಚ್ಚಲು ನಾಮದೇವನನ್ನು ಕರೆಯಬೇಕಾಯಿತು.

ಮಧ್ಯಾಹ್ನ ಊಟವಾದ ಮೇಲೆ ಅಣ್ಣನಿಗೆ ಫೋನು ಮಾಡಿ, ಬರುವುದಿಲ್ಲ ಎಂದು ಹೇಳಿದೆ. ಅವನು ಸಿಟ್ಟು ಮಾಡಿಕೊಂಡ. ಶಾಲೆಯ ಕೆಲಸ, ಮೇಲಿನ ಕೋಣೆ, ಸ್ವಂತ ಊರು ಎಲ್ಲ ಇರುವಾಗ ಹೆಂಡತಿಯ ಮನೆಯಲ್ಲಿ ನಿನಗೆ ಅಂಥದೇನಿದೆ ಎಂದು ಕೇಳಿದ.

"ನನಗ ಇಲ್ಲಿ ವಯಸ್ಸಾಗೇತಿ" ಎಂದೆ.